‘ಟರ್ಟಲ್ಸ್ ಕ್ಯಾನ್ ಫ್ಲೈ’ ನೋಡಿದವರು ಹೇಳಿ: ಆಗ್ರಿನ್ ಯಾಕೆ ಮಾತಾಡಲ್ಲ?

ಶರಾವತಿ ತೀರ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಥೆಯ ಕೊನೆಯ ಬಗ್ಗೆಯೂ ಬರೆಯುತ್ತಿದ್ದೇನೆ. ಸಿನಿಮಾ ನೋಡದವರು ದಯವಿಟ್ಟು ಮೊದಲು ನೋಡಿ ಬನ್ನಿ.

ನಮ್ಮೂರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಂದು ಸಿನಿಮಾ ಹಾಕುತ್ತೇವೆ. ಈ ಸಲ ಕುರ್ದ್ ನಿರ್ದೇಶಕ ಬಹ್ಮನ್ ಘೋಬಾದಿ ಅವರ ‘ಟರ್ಟಲ್ಸ್ ಕ್ಯಾನ್ ಫ್ಲೈ’. 14 ಜನ ಇದ್ದೆವು. ಮುಗಿದ ಮೇಲೆ ಯಾರೂ ಏಳಲಿಲ್ಲ. ಫ್ಲಾಸ್ಕಿನಲ್ಲಿದ್ದ ಟೀ ಹಾಗೇ ಆರಿಹೋಯಿತು.

ಕಥೆ ನೆನಪಿಲ್ಲದವರಿಗೆ: ಇರಾಕಿನ ಕುರ್ದ್ ಪ್ರದೇಶ, ಟರ್ಕಿ ಗಡಿಯ ಹತ್ತಿರದ ಒಂದು ನಿರಾಶ್ರಿತರ ಶಿಬಿರ. 2003ರಲ್ಲಿ ಅಮೆರಿಕ ನುಗ್ಗುವುದಕ್ಕೆ ಕೆಲವೇ ದಿನ ಮುಂಚೆ. ಊರಿಗೆಲ್ಲ ಡಿಶ್ ಕಟ್ಟಿಕೊಡುವ ಹುಡುಗನೊಬ್ಬ ಇದ್ದಾನೆ, ಎಲ್ಲರೂ ಅವನನ್ನು ಸ್ಯಾಟಲೈಟ್ ಅಂತಲೇ ಕರೆಯುತ್ತಾರೆ. ಶಿಬಿರದ ಮಕ್ಕಳಿಗೆ ಅವನೇ ಮೇಸ್ತ್ರಿ. ಹೊಲದಲ್ಲಿ ಹುಗಿದಿಟ್ಟ ಮೈನ್ (ನೆಲಬಾಂಬ್) ಕಿತ್ತು ಮಾರುವುದು ಮಕ್ಕಳ ಕೂಲಿ. ಅಲ್ಲಿಗೆ ಹಲಬ್ಜಾದಿಂದ ಅಣ್ಣ ತಂಗಿ ಬರುತ್ತಾರೆ. ಅಣ್ಣ ಹೆಂಗೋವ್‌ಗೆ ಎರಡೂ ಕೈಗಳಿಲ್ಲ. ತಂಗಿ ಆಗ್ರಿನ್ ಬೆನ್ನ ಮೇಲೆ ಕಣ್ಣು ಕಾಣದ ಪುಟ್ಟ ಮಗು. ಅದು ಅವಳ ತಮ್ಮ ಅಲ್ಲ, ಮಗ. ಊರಿಗೆ ನುಗ್ಗಿದ ಸೈನಿಕರು ಅವಳ ಮೇಲೆ ಮಾಡಿದ ಅತ್ಯಾಚಾರದಿಂದ ಹುಟ್ಟಿದ್ದು.

ಇನ್ನೂ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಆ ಹುಡುಗಿ ಯಾಕೆ ಮಾತೇ ಆಡಲ್ಲ? ಹುಡುಗರೆಲ್ಲ ಎಷ್ಟು ಮಾತಾಡ್ತಾರೆ!’

ನನಗೆ ಉತ್ತರ ಹೊಳೆಯಲಿಲ್ಲ. ನಾನು ಆ ಸಿನಿಮಾವನ್ನು ಮೆಚ್ಚುವುದೇ ಮಕ್ಕಳ ಮಾತಿಗಾಗಿ. ಮೈನ್‌ಗೆ ಎಷ್ಟು ಕೊಡುತ್ತೀರಿ ಅಂತ ಅವರು ಚೌಕಾಸಿ ಮಾಡುವುದು, ಜಗಳ, ಯಜಮಾನಿಕೆ, ಗೊತ್ತಿಲ್ಲದ ಇಂಗ್ಲಿಷನ್ನು ಧೈರ್ಯವಾಗಿ ಅನುವಾದ ಮಾಡುವುದು. ಯುದ್ಧದ ಮಕ್ಕಳು ಅಂದರೆ ಬರೀ ಅಳುವ ಮುಖ ಅಂತ ಟೀವಿ ನಮಗೆ ಕಲಿಸಿಬಿಟ್ಟಿದೆ. ಇಲ್ಲಿ ಅವರು ಪೂರ್ತಿ ಮನುಷ್ಯರು. ಆದರೆ ಆ ಪೂರ್ತಿತನ ಹುಡುಗರಿಗೆ ಸಿಕ್ಕಿತು, ಹುಡುಗಿಗೆ ಸಿಗಲಿಲ್ಲವೇ? ನೀವೆಲ್ಲ ಏನಂತೀರಿ?

ಎಡಿಟಿಂಗ್ ಟೇಬಲ್
ಭಾನುವಾರ, ರಾತ್ರಿ 10:25

ಅಕ್ಕ, ಒಳ್ಳೆಯ ಪ್ರಶ್ನೆ. ಆದರೂ ನಾನು ನಿರ್ದೇಶಕರ ಪರ ನಿಲ್ಲುತ್ತೇನೆ.

ಅವಳ ಮೌನ ಕಥೆಯ ನಿಜ. ಅಂಥದ್ದು ಆದ ಮೇಲೆ ಹದಿಮೂರು ಹದಿನಾಲ್ಕರ ಹುಡುಗಿ ಯಾರ ಹತ್ತಿರ ಮಾತಾಡಬೇಕು? ಅಪ್ಪ ಅಮ್ಮ ಇಲ್ಲ. ಮಗು ಯಾರದು ಅಂತ ಶಿಬಿರದಲ್ಲಿ ಗೊತ್ತಾದರೆ ಬದುಕುವುದು ಕಷ್ಟ. ಅವಳಿಗೆ ಉದ್ದುದ್ದ ಸಂಭಾಷಣೆ ಬರೆದಿದ್ದರೆ ಅದು ನಮಗೋಸ್ಕರ ಬರೆದಂತೆ ಆಗುತ್ತಿತ್ತು, ಅವಳಿಗೋಸ್ಕರ ಅಲ್ಲ.

ಇನ್ನೊಂದು ವಿಷಯ. ಸದ್ದಾಂ ಬಿದ್ದ ಮೇಲೆ ಇರಾಕಿನಲ್ಲಿ ತಯಾರಾದ ಮೊದಲ ಕಥಾಚಿತ್ರ ಇದು. ಮುಖ್ಯ ಪಾತ್ರದವರೆಲ್ಲ ಅಲ್ಲಿನದೇ ಮಕ್ಕಳು, ಯಾರೂ ಅದಕ್ಕೆ ಮುಂಚೆ ನಟಿಸಿದವರಲ್ಲ. ಘೋಬಾದಿ ಹುಟ್ಟಿದ್ದು ಇರಾನಿನ ಬಾನೆ ಎಂಬ ಗಡಿ ಊರಲ್ಲಿ. ಇರಾನ್-ಇರಾಕ್ ಯುದ್ಧದ ಎಂಟು ವರ್ಷ ಆ ಗಡಿಯ ಜನ ಏನು ಕಂಡರು ಅನ್ನುವುದು ಅವರಿಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ಹೊರಗಿನವರು ಕ್ಯಾಮೆರಾ ಹಿಡಿದು ಬಂದು ತೆಗೆದ ಸಿನಿಮಾ ಅಲ್ಲ ಇದು. ಅದು ದೊಡ್ಡ ವಿಷಯ ಅಲ್ವಾ?

ಧಾರವಾಡ ಪೇಢೆ
ಸೋಮವಾರ, ಬೆಳಿಗ್ಗೆ 7:10

ಅಕ್ಕಾವ್ರೇ, ಒಂದು ಸಣ್ಣ ವಿಷಯ. ಮಕ್ಕಳೆಲ್ಲ ಅವನನ್ನು ಬರೀ ಸ್ಯಾಟಲೈಟ್ ಅನ್ನಲ್ಲ, ‘ಕಾಕ್ ಸ್ಯಾಟಲೈಟ್’ ಅನ್ನುತ್ತಾರೆ. ಕುರ್ದಿಶ್‌ನಲ್ಲಿ ಕಾಕ್ ಅಂದರೆ ಅಣ್ಣ, ಗೌರವದ ಮಾತು. ನಮ್ಮ ಕಡೆ ಕಾಕಾ ಅಂದರೆ ಚಿಕ್ಕಪ್ಪ. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ನನಗೆ ಆ ಹುಡುಗ ನಮ್ಮ ಓಣಿಯವನೇ ಅನ್ನಿಸಿಬಿಟ್ಟ.

ನನ್ನ ಪ್ರಶ್ನೆ ಬೇರೆ. ಕುರ್ದರಿಗೆ ತಮ್ಮದೇ ಅಂತ ದೇಶ ಇಲ್ಲ; ಇರಾನ್, ಇರಾಕ್, ಟರ್ಕಿ, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಕುರ್ದಿಶ್ ಸಿನಿಮಾ ಅನ್ನುತ್ತೇವೆ. ಆಸ್ಕರ್‌ಗೆ ಹೋದಾಗ ಅದು ಇರಾನಿನ ಸಿನಿಮಾ ಆಗಿ ಹೋಯಿತು. ಕಥೆ ಇರಾಕಿನದು. ಹಾಗಿದ್ದರೆ ಅದು ಯಾರ ಸಿನಿಮಾ?

ರೈನ್ ದಂಡೆ
ಸೋಮವಾರ, ಮಧ್ಯಾಹ್ನ 2:45

ಪೇಢೆ ಅಣ್ಣ ಕೇಳಿದ್ದಕ್ಕೆ ನನ್ನ ಹತ್ತಿರ ಒಂದು ಅನುಭವ ಇದೆ.

ನಾನು ಕಲೋನ್‌ನಲ್ಲಿ ಇರುವುದು. ಜರ್ಮನಿಯಲ್ಲಿ ಕುರ್ದರು ಲಕ್ಷಗಟ್ಟಲೆ ಇದ್ದಾರೆ. ಪಕ್ಕದ ಮನೆಯವರು ಸಿರಿಯಾದ ಕಾಮಿಶ್ಲಿ ಊರಿನವರು. ಎರಡು ವರ್ಷದ ಹಿಂದೆ ಈ ಸಿನಿಮಾವನ್ನು ಅವರ ಮನೆಯಲ್ಲೇ ಒಟ್ಟಿಗೆ ನೋಡಿದೆವು. ಶುರುವಾಗಿ ಐದು ನಿಮಿಷಕ್ಕೆ ಅವರು ರಿಮೋಟ್ ತೆಗೆದುಕೊಂಡು ಜರ್ಮನ್ ಸಬ್‌ಟೈಟಲ್ ಹಾಕಿದರು. ನನಗೋಸ್ಕರ ಅಂದುಕೊಂಡೆ. ‘ಇಲ್ಲ, ನನಗೇ ಬೇಕು’ ಅಂದರು. ಕುರ್ದಿಶ್‌ನಲ್ಲೇ ಬೇರೆ ಬೇರೆ ಬಗೆ ಇವೆ. ಸಿನಿಮಾದಲ್ಲಿರುವುದು ಸೊರಾನಿ. ಅವರದು ಕುರ್ಮಾಂಜಿ. ಅರ್ಧಂಬರ್ಧ ಅರ್ಥ ಆಗುತ್ತದೆ ಅಷ್ಟೆ. ಒಂದನ್ನು ಅರಬ್ಬಿ ಮೂಲದ ಲಿಪಿಯಲ್ಲಿ ಬರೆಯುತ್ತಾರೆ, ಇನ್ನೊಂದನ್ನು ಹೆಚ್ಚಾಗಿ ಲ್ಯಾಟಿನ್ ಲಿಪಿಯಲ್ಲಿ. ಕುರ್ದಿಶ್ ಸಿನಿಮಾ, ನೋಡುತ್ತಿರುವವರು ಕುರ್ದರು, ನಡುವೆ ಜರ್ಮನ್ ಭಾಷೆ.

ಅವರ ಅಪ್ಪನ ಹತ್ತಿರ ಸಿರಿಯಾದ ಪೌರತ್ವ ಇರಲಿಲ್ಲ. 1962ರಲ್ಲಿ ಹಸಕಾ ಪ್ರಾಂತ್ಯದಲ್ಲಿ ಒಂದೇ ದಿನ ಜನಗಣತಿ ಮಾಡಿ ಸುಮಾರು 1,20,000 ಕುರ್ದರ ಪೌರತ್ವ ಕಿತ್ತುಕೊಂಡರು. ಅಂಥವರ ಗುರುತಿನ ಕಾಗದದಲ್ಲಿ ‘ಅಜಾನಿಬ್’ ಅಂತ ಬರೆದಿರುತ್ತಿತ್ತು. ನಮ್ಮ ಹಳೇ ಹಿಂದಿ ಹಾಡುಗಳಲ್ಲಿ ಬರುವ ಅಜ್ನಬಿ ಇದೆಯಲ್ಲ, ಅದೇ ಶಬ್ದ. ಹುಟ್ಟಿದ ಊರಲ್ಲೇ ಹೊರಗಿನವರು. 2011ರವರೆಗೂ ಹಾಗೇ ನಡೆಯಿತು.

ಟರ್ಕಿಯದು ಮತ್ತೊಂದು ಕಥೆ. ಕುರ್ದಿಶ್‌ನಲ್ಲಿರುವ ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರಗಳು ಟರ್ಕಿಶ್ ವರ್ಣಮಾಲೆಯಲ್ಲಿ ಇಲ್ಲ. ಮಗುವಿನ ಹೆಸರಲ್ಲಿ ಆ ಅಕ್ಷರ ಇದ್ದರೆ ನೋಂದಣಿಗೆ ಒಪ್ಪುತ್ತಿರಲಿಲ್ಲ. ನಿಷೇಧ ತೆಗೆದಿದ್ದು 2013ರಲ್ಲಿ. ಹೆಸರು ಬರೆಯುವುದಕ್ಕೇ ಇಷ್ಟು ಪಾಡು ಪಟ್ಟ ಜನ ‘ನಮ್ಮ ಸಿನಿಮಾ’ ಅಂತ ಹೇಳಬೇಕಾದರೆ ಯಾವ ದೇಶದ ಹೆಸರು ಹಾಕಬೇಕು? ಚಿತ್ರೋತ್ಸವಗಳ ಪಟ್ಟಿಯಲ್ಲಿ ಅವರಿಗೆ ಅಂತ ಒಂದು ಖಾನೆಯೇ ಇಲ್ಲ.

ಕೊನೆಗೆ ನಮ್ಮ ಪಕ್ಕದ ಮನೆಯವರು ಹೇಳಿದ್ದು: ‘ಇದು ನನ್ನ ಊರಲ್ಲ, ನನ್ನ ಮಾತಲ್ಲ. ಆದರೆ ಆ ಬೆಟ್ಟ ನನಗೆ ಗೊತ್ತು.’

ಮೂರನೇ ಸಾಲು
ಸೋಮವಾರ, ಸಂಜೆ 6:30

ಇಲ್ಲಿ ಹೊಸಬ ನಾನು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಚಿಕ್ಕಂದಿನಿಂದ ಊರುಗೋಲು. ಸಿನಿಮಾದಲ್ಲಿ ನನ್ನಂಥವರನ್ನು ತೋರಿಸುವುದು ಎರಡೇ ಕಾರಣಕ್ಕೆ: ಅಯ್ಯೋ ಪಾಪ ಅನ್ನಿಸಲು, ಇಲ್ಲವೇ ನಗಿಸಲು. ಹಾಗಾಗಿ ಕೈಯಿಲ್ಲದ ಮಗು ಬಾಯಿಂದ ಮೈನ್ ಬಿಚ್ಚುವ ದೃಶ್ಯ ನೋಡಿದಾಗ ನನಗೆ ಮೊದಲು ಬಂದಿದ್ದು ಸಿಟ್ಟು. ಇದನ್ನು ನೋಡಿ ಕಣ್ಣೀರು ಒರೆಸಿಕೊಂಡು ಮನೆಗೆ ಹೋಗುವವರು ನಾವು. ಆ ಮಗುವಿಗೆ ಏನು ಸಿಕ್ಕಿತು? ಅಲ್ಲಿಯವರೇ ತೆಗೆದ ಸಿನಿಮಾ ಅಂದಮಾತ್ರಕ್ಕೆ ಎಲ್ಲ ಸರಿಯಾಗುತ್ತದಾ?

ಎಡಿಟಿಂಗ್ ಟೇಬಲ್
ಸೋಮವಾರ, ರಾತ್ರಿ 8:05

ಸರ್, ಬೇಜಾರು ಯಾಕೆ ಮಾಡಿಕೊಳ್ಳಲಿ. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಕೈಯಿಲ್ಲದವನ ಪಾತ್ರ ಇತ್ತು. ಎರಡೂ ಕೈ ಚೆನ್ನಾಗಿರುವ ನಟನಿಗೆ ಒಂದು ಕೈಯನ್ನು ಬೆನ್ನಿಗೆ ಕಟ್ಟಿ ಮೇಲೆ ಅಂಗಿ ಹಾಕಿದೆವು. ಅವರು ಮಧ್ಯಾಹ್ನ ಊಟಕ್ಕೆ ಕಟ್ಟು ಬಿಚ್ಚಿಸಿಕೊಳ್ಳುತ್ತಿದ್ದರು. ಸೆಟ್ಟಿಗೆ ಹಣ್ಣಿನ ಗಾಡಿ ತರುತ್ತಿದ್ದವರೊಬ್ಬರಿಗೆ ನಿಜಕ್ಕೂ ಒಂದು ಕೈ ಇರಲಿಲ್ಲ. ಅವರು ಅಲ್ಲೇ ನಿಂತು ನೋಡುತ್ತಿದ್ದರು. ನಮ್ಮಲ್ಲಿ ಯಾರಿಗೂ ಅವರನ್ನು ಕೇಳಬೇಕು ಅಂತ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಇವತ್ತಿಗೂ ಅದು ಮನಸ್ಸಲ್ಲಿ ಚುಚ್ಚುತ್ತದೆ.

ಇಲ್ಲಿ ಹೆಂಗೋವ್ ಆಗಿ ನಟಿಸಿದ ಹುಡುಗನಿಗೆ ನಿಜಕ್ಕೂ ಕೈಗಳಿಲ್ಲ. ಆ ಲೆಕ್ಕದಲ್ಲಿ ಈ ಸಿನಿಮಾ ನನಗೆ ದೊಡ್ಡದು. ಆದರೆ ನೀವು ಕೇಳಿದ ಪ್ರಶ್ನೆ ಅಷ್ಟಕ್ಕೆ ತೀರಲ್ಲ, ಒಪ್ಪುತ್ತೇನೆ.

ಶರಾವತಿ ತೀರ
ಸೋಮವಾರ, ರಾತ್ರಿ 9:15

ಮೂರನೇ ಸಾಲು ಸರ್, ನಿಮ್ಮ ಮಾತು ಓದಿ ಇವತ್ತು ಸಿನಿಮಾದ ಮೊದಲ ಅರ್ಧ ಗಂಟೆ ಮತ್ತೆ ನೋಡಿದೆ.

ಹೆಂಗೋವ್ ಮತ್ತು ಸ್ಯಾಟಲೈಟ್ ಮುಖಾಮುಖಿ ಆಗುವ ದೃಶ್ಯ ನೆನಪಿದೆಯಾ? ಯಜಮಾನನ ಗತ್ತಲ್ಲಿ ಸ್ಯಾಟಲೈಟ್ ಹತ್ತಿರ ಹೋಗುತ್ತಾನೆ. ಹೆಂಗೋವ್ ಮಾತಿಲ್ಲದೆ ತಲೆಯಿಂದ ಅವನ ಮುಖಕ್ಕೆ ಗುದ್ದುತ್ತಾನೆ. ಎಲ್ಲರ ಎದುರು ಮೇಸ್ತ್ರಿಯ ಮರ್ಯಾದೆ ಹೋಗುತ್ತದೆ. ಕೈಯಿಲ್ಲದವನ ಬಗ್ಗೆ ಮರುಕ ಹುಟ್ಟುವ ಮುಂಚೆಯೇ ಅವನ ಬಗ್ಗೆ ಭಯ ಹುಟ್ಟುತ್ತದೆ ನಮಗೆ. ಆಮೇಲೆ ಪಾಶೋ. ಒಂದು ಕಾಲು ಸೊಟ್ಟ, ಊರುಗೋಲು. ಆದರೆ ಸ್ಯಾಟಲೈಟ್‌ನ ಸೈಕಲ್ ಎಲ್ಲಿ ಹೋದರೂ ಅವನು ಅಲ್ಲಿರುತ್ತಾನೆ, ಓಡುತ್ತಾ. ಅವನ ಕಾಲಿಗೆ ಏನಾಯಿತು ಅಂತ ಕಥೆ ಹೇಳುತ್ತಾ ಕೂರಲ್ಲ. ಅವನು ಸ್ಯಾಟಲೈಟ್‌ನ ಬಲಗೈ ಬಂಟ, ಅಷ್ಟೆ.

ಆದರೆ ನೀವು ಕೇಳಿದ್ದು, ಮಗುವಿಗೆ ಏನು ಸಿಕ್ಕಿತು ಅಂತ. ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮುಂದಿನ ಪ್ರದರ್ಶನದ ದಿನ ಸಿನಿಮಾಕ್ಕಿಂತ ಮುಂಚೆ ಇದನ್ನೇ ಮಾತಾಡೋಣ ಅಂತಿದ್ದೇನೆ.

ಮೂರನೇ ಸಾಲು
ಸೋಮವಾರ, ರಾತ್ರಿ 9:50

ಪಾಶೋನ ವಿಷಯ ನಿಜ. ಅವನು ಓಡುವ ರೀತಿ ನನಗೆ ಗೊತ್ತಿರುವ ಓಟ. ಕಂಕುಳಲ್ಲಿ ಭಾರ ಬಿಡುವುದು ಎಲ್ಲಿ, ಕಾಲೂರುವುದು ಎಲ್ಲಿ, ಅದನ್ನು ಬೇರೆಯವರು ನಟಿಸಿದರೆ ನನಗೆ ಎರಡು ಸೆಕೆಂಡಲ್ಲಿ ಗೊತ್ತಾಗುತ್ತದೆ. ಇಲ್ಲಿ ಮೋಸ ಇಲ್ಲ.

ನೈಟ್ ಡ್ಯೂಟಿ
ಮಂಗಳವಾರ, ಬೆಳಿಗ್ಗೆ 5:20

ಡ್ಯೂಟಿ ಮುಗಿಸಿ ಬಂದು ಎಲ್ಲ ಓದಿದೆ. ನಿದ್ದೆ ಬರುತ್ತಿಲ್ಲ, ಬರೆದೇ ಮಲಗುತ್ತೇನೆ.

ನಾನು 2016ರಿಂದ ಎರಡು ವರ್ಷ ಇರಾಕಿನ ಕುರ್ದ್ ಪ್ರದೇಶದ ಎರ್ಬಿಲ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹೋಗುವಾಗ ನನ್ನ ತಲೆಯಲ್ಲಿ ಇದ್ದಿದ್ದು ಇಷ್ಟೇ: ಕುರ್ದರ ಊರು, ಎಲ್ಲರೂ ಕುರ್ದರು. ಅಲ್ಲಿ ಹೋದ ಮೇಲೆ ಗೊತ್ತಾಯಿತು. ಎರ್ಬಿಲ್ ಪಕ್ಕದ ಅಂಕಾವಾದಲ್ಲಿ ಕ್ರೈಸ್ತರು, ಮನೆಯಲ್ಲಿ ಆಡುವುದು ಅರಾಮಿಕ್ ಮೂಲದ ಸುರೇತ್ ಭಾಷೆ. ತುರ್ಕಮನ್ನರು ಇದ್ದಾರೆ. ಮೊಸುಲ್ ಕಡೆಯಿಂದ ಓಡಿಬಂದ ಅರಬ್ಬರು ಇದ್ದರು. ಮತ್ತೆ ತಮ್ಮದೇ ಬೇರೆ ಧರ್ಮ ಇರುವ ಯಜೀದಿಗಳು.

ಒಂದು ರಾತ್ರಿ ಸಿಂಜಾರ್ ಕಡೆಯ ಯಜೀದಿ ಅಜ್ಜಿಯೊಬ್ಬರು ದಾಖಲಾದರು. ನೀಲಿ ಹಾಸು ಹಾಕಿದ ಮಂಚ ಕೊಟ್ಟೆ. ಅವರು ಮಲಗಲೇ ಇಲ್ಲ. ಜ್ವರ ಕಾಯುತ್ತಿದ್ದರೂ ಗೋಡೆಗೊರಗಿ ನೆಲದ ಮೇಲೆ ಕೂತರು. ಜೊತೆಗಿದ್ದ ಕುರ್ದ್ ನರ್ಸ್‌ಗೂ ಕಾರಣ ಗೊತ್ತಿಲ್ಲ. ಬೆಳಗಿನ ಜಾವ ಅವರ ಮೊಮ್ಮಗಳು ಬಂದು ಹೇಳಿದಳು: ಅವರ ಹಿರಿಯರಲ್ಲಿ ಹಲವರು ನೀಲಿ ಬಣ್ಣ ಬಳಸುವುದಿಲ್ಲ. ಬಿಳಿ ಹಾಸು ಹಾಕಿದೆ. ಅಜ್ಜಿ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡು ಮಲಗಿದರು. ನನ್ನ ಕುರ್ದ್ ಗೆಳತಿ ಅವತ್ತೆಲ್ಲ ಸಪ್ಪಗಿದ್ದಳು. ‘ನನ್ನ ಊರಿನಿಂದ ಇಷ್ಟು ಹತ್ತಿರದ ಜನ, ನನಗೇ ಗೊತ್ತಿಲ್ಲ’ ಅಂತ.

ಯಜೀದಿಗಳು ಆಡುವುದು ಕುರ್ಮಾಂಜಿಯನ್ನೇ. ಆದರೆ ನಾವು ಕುರ್ದರು ಅನ್ನುವವರೂ ಇದ್ದಾರೆ, ಅಲ್ಲ, ನಾವು ಬೇರೆ ಅನ್ನುವವರೂ ಇದ್ದಾರೆ. 2014ರ ಆಗಸ್ಟ್ 3ರಂದು ಐಸಿಸ್ ಸಿಂಜಾರ್‌ಗೆ ನುಗ್ಗಿತು. 6,000ಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನು ಹೊತ್ತೊಯ್ದರು. ಕಾವಲಿಗಿದ್ದ ಕುರ್ದ್ ಪಡೆ ಹಿಂದೆ ಸರಿಯಿತು ಅನ್ನುವ ನೋವು ಅವರಲ್ಲಿ ಇನ್ನೂ ಇದೆ. 2016ರಲ್ಲಿ ಕುರ್ದ್ ನಿರ್ದೇಶಕ ಹುಸೇನ್ ಹಸನ್ ಅವರು ಯಜೀದಿ ಹುಡುಗಿಯ ಕಥೆ ಇಟ್ಟುಕೊಂಡು ‘ದಿ ಡಾರ್ಕ್ ವಿಂಡ್’ ತೆಗೆದರು. ಐಸಿಸ್‌ನಿಂದ ಬಿಡಿಸಿಕೊಂಡು ಬಂದ ಹುಡುಗಿ ಬಸುರಿ ಅಂತ ಗೊತ್ತಾಗುತ್ತದೆ, ಮನೆಯವರು ತತ್ತರಿಸುತ್ತಾರೆ. ದುಹೋಕ್ ಚಿತ್ರೋತ್ಸವದಲ್ಲಿ ಯಜೀದಿಗಳೇ ಪ್ರತಿಭಟಿಸಿದರು. ಅವರ ಧರ್ಮಗುರು ಬಾಬಾ ಶೇಖ್ ಆಗಲೇ ಹೇಳಿದ್ದರು, ಮರಳಿ ಬಂದ ಹೆಣ್ಣುಮಕ್ಕಳೆಲ್ಲ ನಮ್ಮವರೇ, ಮರ್ಯಾದೆಯಿಂದ ಬರಮಾಡಿಕೊಳ್ಳಿ ಅಂತ. ಹೀಗಿರುವಾಗ ನಮ್ಮನ್ನು ಹೀಗೆ ತೋರಿಸಿದಿರಲ್ಲ ಅನ್ನುವುದು ಅವರ ನೋವು. ಆದರೆ ಐಸಿಸ್‌ನವರ ಅತ್ಯಾಚಾರದಿಂದ ಹುಟ್ಟಿದ ಮಕ್ಕಳ ವಿಷಯ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ತಾಯಂದಿರು ಬಂದರು, ಎಷ್ಟೋ ಮಕ್ಕಳು ಹೊರಗೇ ಉಳಿದರು.

ಆಗ್ರಿನ್ ನೋಡಿದಾಗ ನನಗೆ ಆ ಮಕ್ಕಳೇ ನೆನಪಾಗುವುದು. ಅಷ್ಟು ಮುಂಚೆಯೇ ಒಬ್ಬರು ಇದನ್ನು ಸಿನಿಮಾ ಮಾಡಿದ್ದರು. ನಾವು ಗಮನ ಕೊಟ್ಟು ನೋಡಿದೆವಾ?

ಧಾರವಾಡ ಪೇಢೆ
ಮಂಗಳವಾರ, ಬೆಳಿಗ್ಗೆ 8:00

ಸಿಸ್ಟರ್, ನೀಲಿ ಹಾಸಿನ ವಿಷಯ ಓದಿ ಸುಮ್ಮನೆ ಕೂತುಬಿಟ್ಟೆ. ದಯವಿಟ್ಟು ಇಂಥದ್ದು ಇನ್ನೂ ಬರೆಯಿರಿ.

ಎಡಿಟಿಂಗ್ ಟೇಬಲ್
ಮಂಗಳವಾರ, ಮಧ್ಯಾಹ್ನ 1:30

ಯಜೀದಿಗಳ ಮಾತು ಬಂತಲ್ಲ, ಹೊರಗಿನವರು ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ 2018ರ ‘ಗರ್ಲ್ಸ್ ಆಫ್ ದಿ ಸನ್’ ನೋಡಿ. ಫ್ರೆಂಚ್ ನಿರ್ದೇಶಕಿ ಎವಾ ಹುಸ್ಸೋನ್, ಕಾನ್ ಸ್ಪರ್ಧೆಯಲ್ಲಿತ್ತು. ಐಸಿಸ್‌ನಿಂದ ತಪ್ಪಿಸಿಕೊಂಡು ಬಂದೂಕು ಹಿಡಿದ ಹೆಂಗಸರ ಕಥೆ. ಕಥೆ ಹೇಳಲು ಮಾತ್ರ ಫ್ರಾನ್ಸಿನ ಪತ್ರಕರ್ತೆ ಬೇಕಾಯಿತು. ನಾಯಕಿ ಬಹಾರ್ ಪಾತ್ರದಲ್ಲಿ ಇರಾನಿನ ನಟಿ ಗೋಲ್ಶಿಫ್ತೆ ಫರಹಾನಿ. ಒಳ್ಳೆಯ ನಟಿ, ಅನುಮಾನ ಇಲ್ಲ. ಆದರೆ 2013ರ ‘ಮೈ ಸ್ವೀಟ್ ಪೆಪ್ಪರ್ ಲ್ಯಾಂಡ್’ನಲ್ಲಿ ಕುರ್ದ್ ಟೀಚರ್ ಆಗಿದ್ದವರೂ ಅವರೇ. ಘೋಬಾದಿ ಅವರ ‘ಹಾಫ್ ಮೂನ್’ನಲ್ಲೂ ಇದ್ದಾರೆ. ಘೋಬಾದಿಗೆ ಕುರ್ದ್ ಹುಡುಗರು ಅಲ್ಲೇ ಸಿಕ್ಕರು. ಕುರ್ದ್ ಹೆಂಗಸಿನ ದೊಡ್ಡ ಪಾತ್ರಕ್ಕೆ ಮಾತ್ರ ಎಲ್ಲರೂ ಟೆಹ್ರಾನಿನ ತಾರೆಯ ಮನೆ ಬಾಗಿಲಿಗೇ ಹೋಗುತ್ತಾರೆ.

ಅಕ್ಕ, ನಾನು ಮೊದಲು ಬರೆದಾಗ ಇದನ್ನು ಯೋಚಿಸಿರಲಿಲ್ಲ. ನಿಮ್ಮ ಪ್ರಶ್ನೆ ನನ್ನನ್ನು ಇಲ್ಲಿಗೆ ತಂದಿತು.

ರೈನ್ ದಂಡೆ
ಮಂಗಳವಾರ, ಸಂಜೆ 7:40

‘ಹಾಫ್ ಮೂನ್’ ಹೆಸರು ಬಂದಿದ್ದು ಒಳ್ಳೆಯದಾಯಿತು. 2006ರದು. ಮಾಮೋ ಅನ್ನುವ ವಯಸ್ಸಾದ ಸಂಗೀತಗಾರ ಮಕ್ಕಳನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಇರಾನಿನಿಂದ ಇರಾಕಿನ ಕುರ್ದ್ ನೆಲಕ್ಕೆ ಕಛೇರಿ ಕೊಡಲು ಹೊರಡುತ್ತಾನೆ. ಹೆಣ್ಣುದನಿ ಇಲ್ಲದೆ ಅವನ ಹಾಡು ಪೂರ್ತಿ ಆಗಲ್ಲ. ಇರಾನಿನಲ್ಲಿ ಗಂಡಸರ ಮುಂದೆ ಹೆಂಗಸು ಒಬ್ಬಳೇ ಹಾಡುವಂತಿಲ್ಲ. ಹಾಗಾಗಿ ಗಾಯಕಿಯನ್ನು ಬಸ್ಸಿನಲ್ಲಿ ಬಚ್ಚಿಟ್ಟು ಗಡಿ ದಾಟಿಸಲು ನೋಡುತ್ತಾರೆ. ದೇಶದಿಂದ ಹೊರಹಾಕಿದ ಗಾಯಕಿಯರೇ ತುಂಬಿರುವ ಒಂದು ಊರು ಬರುತ್ತದೆ, ದಫ್ ಬಾರಿಸುತ್ತಾ ಸಾಲಾಗಿ ನಿಂತಿರುತ್ತಾರೆ. ಇರಾನಿನಲ್ಲಿ ಆ ಸಿನಿಮಾಕ್ಕೇ ನಿಷೇಧ ಬಿತ್ತು.

‘ಟರ್ಟಲ್ಸ್’ಗೆ 2004ರಲ್ಲಿ ಸಾನ್ ಸೆಬಾಸ್ಟಿಯನ್ ಉತ್ಸವದ ಗೋಲ್ಡನ್ ಶೆಲ್ ಬಂದಿತ್ತು, ಎರಡೇ ವರ್ಷಕ್ಕೆ ಇದಕ್ಕೂ ಅದೇ ಪ್ರಶಸ್ತಿ. ನನಗೆ ಅನ್ನಿಸುವುದು, ಆಗ್ರಿನ್ ಮೌನ ಆ ನಿರ್ದೇಶಕರನ್ನೂ ಸುಮ್ನೆ ಬಿಟ್ಟಿರಲಿಲ್ಲ.

ಈಗ ಕುರ್ದ್ ಹೆಂಗಸರೇ ಕ್ಯಾಮೆರಾ ಹಿಡಿದಿದ್ದಾರೆ. ವಿಯೆನ್ನಾದಲ್ಲಿರುವ ಕುರ್ದ್ವಿನ್ ಅಯೂಬ್ ಇರಾಕಿನ ಕುರ್ದ್ ಕುಟುಂಬದವರು. ಅವರ ‘ಸೊನ್ನೆ’ 2022ರ ಬರ್ಲಿನ್ ಉತ್ಸವದಲ್ಲಿ ಅತ್ಯುತ್ತಮ ಮೊದಲ ಚಿತ್ರ ಅನ್ನಿಸಿಕೊಂಡಿತು. ಸೊನ್ನೆ ಅಂದರೆ ಜರ್ಮನ್‌ನಲ್ಲಿ ಸೂರ್ಯ, ನಮ್ಮ ಸೊನ್ನೆ ಅಲ್ಲ. ಅದರಲ್ಲಿ ಹುಡುಗಿಯರು ಬಾಯಿ ಮುಚ್ಚುವುದೇ ಇಲ್ಲ!

ಶರಾವತಿ ತೀರ
ಬುಧವಾರ, ರಾತ್ರಿ 9:05

ಇವತ್ತು ಆ ಪಿಯುಸಿ ಹುಡುಗಿ ಮನೆಗೆ ಬಂದಿದ್ದಳು. ಈ ಚರ್ಚೆಯನ್ನೆಲ್ಲ ಓದಿದ್ದಾಳೆ. ಪೆನ್‌ಡ್ರೈವ್ ಒಯ್ದು ಸಿನಿಮಾವನ್ನು ಮತ್ತೆ ನೋಡಿದ್ದಾಳೆ, ಈ ಸಲ ಆಗ್ರಿನ್ ಇರುವ ಕಡೆ ಮಾತ್ರ, ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು.

‘ಮೇಡಂ, ನಾನು ಕೇಳಿದ್ದೇ ತಪ್ಪು’ ಅಂದಳು. ‘ಅವಳು ಮಾತಾಡ್ತಾಳೆ. ಅಣ್ಣನ ಹತ್ತಿರ ಮತ್ತೆ ಮತ್ತೆ ಒಂದೇ ಮಾತು ಹೇಳ್ತಾಳೆ: ಮಗುವನ್ನ ಇಲ್ಲೇ ಬಿಟ್ಟು ಹೋಗೋಣ. ಅವನು ಒಪ್ಪಲ್ಲ. ನಮಗೂ ಅದು ಇಷ್ಟ ಆಗ್ಲಿಲ್ಲ, ಅದಕ್ಕೇ ಅದು ನೆನಪಲ್ಲಿ ಉಳೀಲಿಲ್ಲ.’

ನಾನು ನೋಟ್‌ಬುಕ್ ತೆಗೆದು ನೋಡಿದೆ. ಎಡಗಡೆ ಅವಳು ಹೇಳಿದ್ದು, ಬಲಗಡೆ ಉಳಿದವರು ಕೊಟ್ಟ ಉತ್ತರ. ಬಲಗಡೆ ಎಷ್ಟೋ ಕಡೆ ಖಾಲಿ.

ಹದಿನೈದು ವರ್ಷದಿಂದ ಈ ಸಿನಿಮಾವನ್ನು ಜನರಿಗೆ ತೋರಿಸುತ್ತಿದ್ದೇನೆ. ಹೆಂಗೋವ್ ಆ ಮಗುವನ್ನು ಎಷ್ಟು ಪ್ರೀತಿಸುತ್ತಾನೆ ಅಂತ ಪ್ರತಿ ಸಲ ಹೇಳಿದ್ದೇನೆ. ಆ ಪ್ರೀತಿಯ ಭಾರ ಯಾರ ಬೆನ್ನ ಮೇಲಿತ್ತು ಅಂತ ಒಂದು ಸಲವೂ ಹೇಳಿಲ್ಲ. ಕೊನೆಗೆ ಅವಳು ಆ ಮಗುವನ್ನು ನೀರಿನಲ್ಲಿ ಮುಳುಗಿಸಿದ್ದನ್ನು ಸರಿ ಅನ್ನಲು ನನಗೆ ಬಾಯಿ ಬರಲ್ಲ. ಆದರೆ ಅದಕ್ಕೆ ಮುಂಚೆ ಅವಳು ಕೇಳಿಕೊಂಡಿದ್ದಳು. ಅವಳು ಬರೀ ಮಗುವನ್ನು ಹೊತ್ತ ಹುಡುಗಿ ಅಲ್ಲ, ತನಗೇನು ಬೇಕು ಅಂತ ಗೊತ್ತಿದ್ದವಳು.

ಮೂರನೇ ಸಾಲು
ಬುಧವಾರ, ರಾತ್ರಿ 9:30

ಮೇಡಂ, ನಿಮ್ಮ ಊರಿಗೆ ನಾನಿರುವ ಊರಿಂದ ಮೂರು ಗಂಟೆ ಬಸ್ಸು. ಮುಂದಿನ ಪ್ರದರ್ಶನ ಯಾವಾಗ? ಲೈಬ್ರರಿಗೆ ಮೆಟ್ಟಿಲು ಎಷ್ಟಿವೆ?

ಶರಾವತಿ ತೀರ
ಬುಧವಾರ, ರಾತ್ರಿ 9:42

ಮುಂದಿನ ತಿಂಗಳ ಎರಡನೇ ಭಾನುವಾರ, ಸಂಜೆ 4ಕ್ಕೆ, ‘ಹಾಫ್ ಮೂನ್’. ಮುಂದಿನ ಬಾಗಿಲಿಗೆ ಆರು ಮೆಟ್ಟಿಲು ಸರ್. ಹಿಂದಿನ ಬಾಗಿಲು ನೆಲಮಟ್ಟಕ್ಕೇ ಇದೆ, ಆದರೆ ಅದಕ್ಕೆ ಅಡ್ಡವಾಗಿ ಹಳೇ ಪತ್ರಿಕೆಗಳ ಕಟ್ಟು ಪೇರಿಸಿಟ್ಟಿದ್ದೇವೆ. ಅದನ್ನು ಈ ವಾರವೇ ತೆಗೆಸುತ್ತೇನೆ. ಅದು ನಿಮಗೋಸ್ಕರ ಅಂತ ಅಲ್ಲ, ಯಾವತ್ತೋ ಆಗಬೇಕಿದ್ದ ಕೆಲಸ.

ಇನ್ನೊಂದು: ಇಂಗ್ಲಿಷ್ ಸಬ್‌ಟೈಟಲ್ ಓದಲಾಗದೆ ಹಿಂದೆ ಕೂರುವ ಹೆಂಗಸರು ನಾಲ್ಕೈದು ಮಂದಿ ಇದ್ದಾರೆ. ಆಗ್ರಿನ್ ಮಾತಾಡುವ ದೃಶ್ಯಗಳನ್ನಾದರೂ ನಮ್ಮ ಹುಡುಗಿ ಕನ್ನಡಕ್ಕೆ ತರುತ್ತಾಳಂತೆ, ಅವತ್ತು ಗಟ್ಟಿಯಾಗಿ ಓದಲು. ಶುರು ಮಾಡಿ ಒಂದು ಕಡೆ ನಿಂತಿದ್ದಾಳೆ. ‘ಕಾಕ್’ ಅನ್ನುವುದಕ್ಕೆ ‘ಅಣ್ಣ’ ಅಂತ ಹಾಕಲಾ, ಇಲ್ಲ ಹಾಗೇ ಬಿಡಲಾ ಅಂತ ಕೇಳುತ್ತಿದ್ದಾಳೆ.

ಧಾರವಾಡ ಪೇಢೆ
ಬುಧವಾರ, ರಾತ್ರಿ 9:55

ಹಾಗೇ ಬಿಡಲಿ ಅಕ್ಕಾವ್ರೇ. ನಮ್ಮ ಕಡೆಯವರು ಯಾರಾದರೂ ಬಂದಿದ್ದರೆ ಅವರಿಗೆ ತಾನಾಗೇ ತಿಳಿಯುತ್ತದೆ.

ನೈಟ್ ಡ್ಯೂಟಿ
ಗುರುವಾರ, ಬೆಳಿಗ್ಗೆ 5:35

ಅವಳಿಗೆ ಹೇಳಿ, ಕುರ್ದಿಶ್ ಮಾತು ಕೇಳಿ ತಿಳಿಯದ ಕಡೆ ನನಗೆ ಕಳಿಸಲಿ. ನನ್ನ ಎರ್ಬಿಲ್ ಗೆಳತಿಯ ನಂಬರ್ ಇನ್ನೂ ಇದೆ. ಅವಳ ಡ್ಯೂಟಿ ಮುಗಿದ ಮೇಲೆ ಫೋನ್ ಮಾಡಿ ಕೇಳುತ್ತೇನೆ.